ಇಪ್ಪತ್ತೇಳು ತಿಂಗಳ ಪ್ರಾರ್ಥನಾಮಂದಿರ

ಪೋಲೆಂಡ್ ದೇಶದ ವಾಯವ್ಯ ಮೂಲೆಯಲ್ಲಿ, ಓಡರ್ ನದಿಯ ದಡದಲ್ಲಿ, ಶ್ಚೆಚಿನ್ ಎಂಬ ರೇವುಪಟ್ಟಣವಿದೆ. ನದಿ ದಾಟಿ ಪೂರ್ವಕ್ಕೆ ಹೋದರೆ ಸಿಗುವ ಬಡಾವಣೆಯ ಹೆಸರು ಜ್ದ್ರೋಯೆ. ನಮ್ಮ ನಾಲಗೆಗೆ ಸುಲಭವಾಗಿ ಹೊರಳದ ಈ ಹೆಸರುಗಳು ಅಲ್ಲಿಯ ನಕಾಶೆಯಲ್ಲಿ ನೆಲೆಯಾದದ್ದು 1945ರ ನಂತರ. ಅದಕ್ಕೆ ಮೊದಲು ಈ ಸೀಮೆ ಜರ್ಮನಿಯದಾಗಿತ್ತು. ಪಟ್ಟಣವನ್ನು ಸ್ಟೆಟೀನ್ ಎಂದೂ ಬಡಾವಣೆಯನ್ನು ಫಿಂಕೆನ್‌ವಾಲ್ಡೆ ಎಂದೂ ಕರೆಯುತ್ತಿದ್ದರು. ಈಗ ಅಲ್ಲಿ ಒಂದು ಸಣ್ಣ ಸ್ಮಾರಕ ತೋಟವಿದೆ. ಯಾವುದರ ಸ್ಮರಣೆಗಾಗಿ ತೋಟ ಮಾಡಿದರೋ ಆ ಮನೆಯಾಗಲಿ, ಅದಕ್ಕೆ ಸೇರಿದ್ದ ಪ್ರಾರ್ಥನಾಮಂದಿರವಾಗಲಿ ಇಂದು ಇಲ್ಲ.

ಗುಡಿಯ ಇತಿಹಾಸವೆಂದರೆ ಕಟ್ಟಿಸಿದ ದೊರೆ, ಬಿಟ್ಟ ದತ್ತಿ, ನಿಲ್ಲಿಸಿದ ಶಾಸನ, ಆಮೇಲೆ ನಡೆದ ಜೀರ್ಣೋದ್ಧಾರಗಳು ಎಂದು ನಮಗೆ ರೂಢಿ. ಫಿಂಕೆನ್‌ವಾಲ್ಡೆಯ ಮಂದಿರಕ್ಕೆ ಇವು ಯಾವುವೂ ಇಲ್ಲ. ಅದಕ್ಕೆ ಗೋಪುರವಿರಲಿಲ್ಲ. ಹೊಸದಾಗಿ ಕಟ್ಟಿದ್ದೂ ಅಲ್ಲ. ಅದು ಬಾಳಿದ್ದು 1935ರ ಜೂನ್‌ನಿಂದ 1937ರ ಸೆಪ್ಟೆಂಬರ್‌ವರೆಗೆ, ಲೆಕ್ಕ ಹಾಕಿದರೆ ಇಪ್ಪತ್ತೇಳು ತಿಂಗಳು. ಒಂದು ಮಗು ಹುಟ್ಟಿ ನೆಟ್ಟಗೆ ಮಾತು ಕಲಿಯುವಷ್ಟರ ಕಾಲ. ಆದರೂ ಲೂಥರನ ಪರಂಪರೆಯ ಚರ್ಚುಗಳಲ್ಲಿ, ಅವುಗಳ ಹೊರಗೂ, ಈ ಮಂದಿರದ ಮಾತು ಇನ್ನೂ ನಿಂತಿಲ್ಲ.

ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಅದೇ ವರ್ಷ ಚರ್ಚಿನೊಳಗೂ ಅವನ ಬೆಂಬಲಿಗರ ಕೈ ಮೇಲಾಯಿತು. ಯೆಹೂದ್ಯ ಮೂಲದವರು ಪಾದ್ರಿಗಳಾಗಿರಕೂಡದು ಎಂಬ ನಿಯಮವನ್ನು ಪ್ರಷ್ಯದ ಚರ್ಚಿನ ಮಹಾಸಭೆ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಸಭೆಗೆ ಬಂದವರಲ್ಲಿ ಬಹುಮಂದಿ ನಾಜಿಗಳ ಕಂದು ಸಮವಸ್ತ್ರ ತೊಟ್ಟೇ ಕುಳಿತಿದ್ದರಂತೆ. ಇದನ್ನು ಒಪ್ಪದ ಪಾದ್ರಿಗಳು ಸೇರಿ 1934ರಲ್ಲಿ ಬೇರೆಯೇ ಸಂಘಟನೆ ಮಾಡಿಕೊಂಡರು. ಅದಕ್ಕೆ ಕನ್ಫೆಸಿಂಗ್ ಚರ್ಚ್, ಅಂದರೆ ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳುವ ಚರ್ಚ್, ಎಂಬ ಹೆಸರು ಬಂತು. ಹೊಸ ಚರ್ಚಿಗೆ ಹೊಸ ಪಾದ್ರಿಗಳು ಬೇಕು. ಅವರನ್ನು ತಯಾರು ಮಾಡುವ ಶಾಲೆಗಳು ಬೇಕು. ಅಂಥ ಐದು ಸೆಮಿನರಿಗಳು ಹುಟ್ಟಿದವು. ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿದವನು ಮೇಷ್ಟ್ರಾಗುವ ಮುನ್ನ ಒಂದು ವರ್ಷ ಬಿ.ಎಡ್. ಮಾಡುತ್ತಿದ್ದನಲ್ಲ, ಇವೂ ಹಾಗೆಯೇ. ವಿಶ್ವವಿದ್ಯಾಲಯದ ಪದವಿ ಪಡೆದವರು ದೀಕ್ಷೆಗೆ ಮುನ್ನ ಕೆಲವು ತಿಂಗಳು ಇಲ್ಲಿ ಕಳೆಯಬೇಕಿತ್ತು. ಸ್ಟೆಟೀನಿನ ಪಕ್ಕದ ಸೆಮಿನರಿಗೆ ಮುಖ್ಯಸ್ಥರಾಗಿ ಬಂದವರು ಡೀಟ್ರಿಶ್ ಬೋನ್‌ಹೋಫರ್. ವಯಸ್ಸು ಇಪ್ಪತ್ತೊಂಬತ್ತು. ಕೆಲವು ವಿದ್ಯಾರ್ಥಿಗಳಿಗೂ ಅವರಿಗೂ ಮೂರು ನಾಲ್ಕು ವರ್ಷದ ಅಂತರವಷ್ಟೆ.

ಬೋನ್‌ಹೋಫರ್ ಆ ವರ್ಷ ನಿಜವಾಗಿ ಹೋಗಬೇಕೆಂದಿದ್ದದ್ದು ಫಿಂಕೆನ್‌ವಾಲ್ಡೆಗಲ್ಲ, ಭಾರತಕ್ಕೆ. ಲಂಡನ್ನಿನಲ್ಲಿ ಜರ್ಮನ್ ಸಭೆಗಳ ಪಾದ್ರಿಯಾಗಿದ್ದಾಗ, 1934ರ ಅಕ್ಟೋಬರಿನಲ್ಲಿ, ಅವರು ಗಾಂಧೀಜಿಗೆ ಪತ್ರ ಬರೆದರು. ಆ ಪತ್ರ ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಈಚಿನ ವರ್ಷಗಳಲ್ಲಷ್ಟೇ ಬೆಳಕಿಗೆ ಬಂದಿದೆ. ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ ಪರಿಚಯಪತ್ರ ಕೊಟ್ಟಿದ್ದರು. ನವೆಂಬರ್ 1ರಂದು ಗಾಂಧೀಜಿ ಉತ್ತರಿಸಿದರು. ಆ ಉತ್ತರದಲ್ಲಿ ಗಾಂಧಿಯ ವ್ಯವಹಾರಬುದ್ಧಿ ಎದ್ದು ಕಾಣುತ್ತದೆ. ಬರಬಹುದು, ಆದರೆ ವಾಪಸು ಹೋಗುವ ಖರ್ಚಿಗೆ ಹಣ ಇರಲಿ. ತಾನು ಸೆರೆಮನೆಯ ಹೊರಗಿದ್ದು ಒಂದೆಡೆ ನೆಲೆಸಿದ್ದರೆ ಜೊತೆಯಲ್ಲೇ ಇರಬಹುದು. ಇಲ್ಲವಾದರೆ ತನ್ನ ಮೇಲ್ವಿಚಾರಣೆಯ ಸಂಸ್ಥೆಯೊಂದರಲ್ಲಿ ಇದ್ದು ತೃಪ್ತಿಪಡಬೇಕು. ಅಲ್ಲಿಯ ಸರಳ ಸಸ್ಯಾಹಾರ ಒಗ್ಗುವುದಾದರೆ ಊಟ ವಸತಿಗೆ ದುಡ್ಡು ಕೊಡಬೇಕಿಲ್ಲ. ಇಷ್ಟು ವಿಷಯ.

ಯುರೋಪಿನ ಕ್ರೈಸ್ತಧರ್ಮಕ್ಕೆ ರೋಗ ತಗುಲಿದೆ, ಔಷಧಿ ಹುಡುಕಬೇಕು ಎಂದು ಚಡಪಡಿಸುತ್ತಿದ್ದ ತರುಣ ಪಾದ್ರಿಗೆ ಗಾಂಧಿಯ ಆಶ್ರಮದಲ್ಲಿ ಎರಡು ಸಂಗತಿ ನೋಡಬೇಕಿತ್ತು. ಒಂದು, ಪ್ರಾರ್ಥನೆ, ದುಡಿಮೆ ಮತ್ತು ಊಟ ಒಂದೇ ಸೂರಿನಡಿ ಹೇಗೆ ನಡೆಯುತ್ತವೆ ಎಂಬುದು. ಇನ್ನೊಂದು, ಕೈಯಲ್ಲಿ ಕೋಲಿಲ್ಲದೆ ಸರ್ಕಾರವನ್ನು ಎದುರಿಸುವುದು ಹೇಗೆ ಎಂಬುದು. ಎಲ್ಲ ಸಿದ್ಧವಾಗುವಷ್ಟರಲ್ಲಿ ಸೆಮಿನರಿಯ ಕರೆ ಬಂತು. ಪ್ರಯಾಣ ನಿಂತಿತು, ಮುಂದೆಯೂ ಕೈಗೂಡಲಿಲ್ಲ. ಅವರು ಬಂದಿದ್ದರೆ ಏನಾಗುತ್ತಿತ್ತು ಎಂದು ಊಹಿಸುತ್ತ ಕೂರುವುದು ವ್ಯರ್ಥ. ಆದರೆ ಫಿಂಕೆನ್‌ವಾಲ್ಡೆಯ ದಿನಚರಿಯನ್ನು ಓದುವ ಭಾರತೀಯನಿಗೆ ಯಾವುದೋ ಪರಿಚಿತ ಮನೆಯ ಅಂಗಳಕ್ಕೆ ಕಾಲಿಟ್ಟ ಹಾಗೆ ಆಗುವುದಂತೂ ನಿಜ.

ಸೆಮಿನರಿ ಮೊದಲು ಶುರುವಾದದ್ದು 1935ರ ಏಪ್ರಿಲ್ ಕೊನೆಯಲ್ಲಿ, ಬಾಲ್ಟಿಕ್ ಕಡಲ ದಂಡೆಯ ತ್ಸಿಂಗ್ಸ್ಟ್ ಎಂಬಲ್ಲಿ, ಬೇಸಿಗೆ ಶಿಬಿರಕ್ಕೆಂದು ಕಟ್ಟಿದ್ದ ಮನೆಗಳಲ್ಲಿ. ಬೇಸಿಗೆ ಬಂದೊಡನೆ ಜಾಗ ತೆರವು ಮಾಡಬೇಕಾಯಿತು. ಜೂನ್ 24ರಂದು ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಫಿಂಕೆನ್‌ವಾಲ್ಡೆಗೆ ಬಂದರು. ಅಲ್ಲಿ ಸಿಕ್ಕಿದ್ದು ಹಿಂದೆ ಖಾಸಗಿ ಶಾಲೆಯೊಂದು ನಡೆದಿದ್ದ ಹಳೆಯ ದೊಡ್ಡ ಮನೆ. ಒಳಗೆ ಮೇಜು ಕುರ್ಚಿ ಮಂಚ ಏನೂ ಇಲ್ಲ. ವಿದ್ಯಾರ್ಥಿಗಳು ಊರೂರಿನ ಸಭೆಗಳಿಗೆ ಪತ್ರ ಬರೆದು ಬೇಡಿದರು. ಗದ್ಯದಲ್ಲಿ ಬೇಡಿದರೆ ಸಾಲದೆಂದು ಪದ್ಯದಲ್ಲೂ ಬೇಡಿದ್ದುಂಟು. ಪೊಮೆರೇನಿಯ ಪ್ರಾಂತದ ಜಮೀನ್ದಾರರ ಮನೆಗಳಿಂದ ಪೀಠೋಪಕರಣ, ಕಾಳುಕಡ್ಡಿ, ತರಕಾರಿ ಬಂದವು. ಬೋನ್‌ಹೋಫರ್ ಬರ್ಲಿನ್ನಿನಿಂದ ತಮ್ಮ ಪುಸ್ತಕಗಳನ್ನೆಲ್ಲ ತರಿಸಿ ಎಲ್ಲರ ಬಳಕೆಗೆ ಇಟ್ಟುಬಿಟ್ಟರು.

ಆ ಶಾಲೆಗೆ ಒಂದು ವ್ಯಾಯಾಮಶಾಲೆ ಇತ್ತು. ಅದೇ ಪ್ರಾರ್ಥನಾಮಂದಿರವಾಯಿತು. ವಿಲ್ಹೆಲ್ಮ್ ಗ್ರಾಸ್ ಎಂಬ ಶಿಲ್ಪಿ ನೆರವಿಗೆ ಬಂದರು. ಹಣವಿರಲಿಲ್ಲ, ಆದ್ದರಿಂದ ಅಲಂಕಾರಕ್ಕೂ ಆಸ್ಪದವಿರಲಿಲ್ಲ. ಎದುರು ಒಂದೇ ಒಂದು ಗ್ರೀಕ್ ಪದವನ್ನು ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕೂರಿಸಿದರು: ಹಪಾಕ್ಸ್. ಹೊಸ ಒಡಂಬಡಿಕೆಯ ಇಬ್ರಿಯರ ಪತ್ರಿಕೆಯಿಂದ ಬಂದ ಪದ. ಒಂದೇ ಸಲ, ಎಂದೆಂದಿಗೂ ಸಾಕಾಗುವಂತೆ ಆದದ್ದು ಎಂಬುದು ಅದರ ಭಾವ. ಕ್ರಿಸ್ತನ ಬಲಿ ಒಮ್ಮೆ ನಡೆಯಿತು, ಮತ್ತೆ ಯಾರ ಬಲಿಯೂ ಬೇಕಿಲ್ಲ ಎಂಬುದು ಅದರ ಹಿಂದಿನ ತತ್ತ್ವ. ದೇಶವೆಲ್ಲ ನಾಯಕನಿಗಾಗಿ, ರಕ್ತಕ್ಕಾಗಿ, ಮಣ್ಣಿಗಾಗಿ ಬಲಿಯಾಗಿ ಎಂದು ಧ್ವನಿವರ್ಧಕಗಳಲ್ಲಿ ಕೂಗುತ್ತಿದ್ದ ಕಾಲದಲ್ಲಿ ಆ ಒಂದು ಪದವನ್ನು ದಿಟ್ಟಿಸುತ್ತ ಕುಳಿತವರಿಗೆ ಏನನ್ನಿಸಿರಬಹುದು! ಗರಡಿಮನೆಯ ಗೋಡೆಗೆ ಇದಕ್ಕಿಂತ ತಕ್ಕ ಬರಹ ಸಿಗಲಾರದು.

ವಿಚಿತ್ರವೆಂದರೆ, ದಿನದ ಪ್ರಾರ್ಥನೆಗೆ ಅವರು ಈ ಮಂದಿರಕ್ಕೆ ಹೋಗುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಯೂ ರಾತ್ರಿಯ ಪ್ರಾರ್ಥನೆಯೂ ಊಟದ ಮೇಜಿನ ಸುತ್ತಲೇ. ಕೀರ್ತನೆಗಳ ಪಠಣ, ಹಳೆಯ ಮತ್ತು ಹೊಸ ಒಡಂಬಡಿಕೆಯ ಓದು, ಹಾಡು, ಬೋನ್‌ಹೋಫರ್ ಸ್ವಂತ ಮಾತಿನಲ್ಲಿ ಮಾಡುವ ಪ್ರಾರ್ಥನೆ, ಎಲ್ಲ ಸೇರಿ ಮುಕ್ಕಾಲು ಗಂಟೆಯ ಆಸುಪಾಸು. ಬೆಳಗಿನ ತಿಂಡಿಯ ಬಳಿಕ ಅರ್ಧ ಗಂಟೆ ಮೌನ. ವಾರವಿಡೀ ಬೈಬಲಿನ ಒಂದೇ ಚಿಕ್ಕ ಭಾಗವನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರೇ ಧ್ಯಾನಿಸಬೇಕು. ವ್ಯಾಖ್ಯಾನಗ್ರಂಥ ತೆರೆಯುವಂತಿಲ್ಲ. ಪ್ರವಚನಕ್ಕೆ ಬೇಕಾದೀತು ಎಂದು ಟಿಪ್ಪಣಿ ಮಾಡಿಕೊಳ್ಳುವಂತೆಯೂ ಇಲ್ಲ. ವಿಶ್ವವಿದ್ಯಾಲಯದ ಚರ್ಚೆಗಳಲ್ಲಿ ಪಳಗಿ ಬಂದಿದ್ದ ಹುಡುಗರಿಗೆ ಇದು ಶಿಕ್ಷೆಯಂತೆ ಕಂಡಿತು. ಕೆಲವರಿಗೆ ನಿದ್ದೆ ಬರುತ್ತಿತ್ತು. ಕೆಲವರು ಗೊಣಗಿದರು. ಇದೇನು, ಲೂಥರ್ ಬಾಗಿಲು ಮುಚ್ಚಿಸಿದ ಮಠವನ್ನು ಇವರು ಮತ್ತೆ ತೆರೆಯುತ್ತಿದ್ದಾರೆಯೆ ಎಂಬ ಪ್ರಶ್ನೆ ಹೊರಗೂ ಎದ್ದಿತು. ಆ ಕಾಲದ ಪ್ರಸಿದ್ಧ ದೇವಶಾಸ್ತ್ರಜ್ಞ, ಬೋನ್‌ಹೋಫರ್ ಗುರುವಿನಂತೆ ಕಾಣುತ್ತಿದ್ದ ಕಾರ್ಲ್ ಬಾರ್ತ್ ಅವರಿಗೇ ಈ ಧ್ಯಾನದ ಪದ್ಧತಿಯಲ್ಲಿ ಮಠದ ವಾಸನೆ ಬಡಿದಿತ್ತು. 1936ರಲ್ಲಿ ಪತ್ರ ಬರೆದು ಹಾಗೆಂದು ಹೇಳಿಯೂ ಬಿಟ್ಟರು.

ಬಾರ್ತ್ ಅವರ ಅನುಮಾನ ತಳ್ಳಿಹಾಕುವಂಥದ್ದಲ್ಲ. ಊರಿಗೆ ಬೆಂಕಿ ಬಿದ್ದಾಗ ಕಣ್ಣು ಮುಚ್ಚಿ ಕುಳಿತವರನ್ನು ಯಾವ ಧರ್ಮದವರೂ ಕೇಳಬೇಕಾದ ಪ್ರಶ್ನೆಯೇ ಅದು. ಬೋನ್‌ಹೋಫರ್ ಸ್ವತಃ ತಮ್ಮ ಶಿಷ್ಯರನ್ನು ಅದೇ ಪ್ರಶ್ನೆಯಿಂದ ಚುಚ್ಚುತ್ತಿದ್ದರು. ಯೆಹೂದ್ಯರ ಪರವಾಗಿ ದನಿ ಎತ್ತದವನಿಗೆ ಗ್ರೆಗೋರಿಯನ್ ಗಾನ ಹಾಡುವ ಹಕ್ಕಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದ್ದರೆಂದು ಶಿಷ್ಯ ಎಬರ್‌ಹಾರ್ಟ್ ಬೆತ್ಗೆ ಮುಂದೆ ನೆನಪಿಸಿಕೊಂಡಿದ್ದಾರೆ. ಈ ಬೆತ್ಗೆಯೇ ಅವರ ಆಪ್ತಮಿತ್ರರಾಗಿ, ಅವರ ಬರಹಗಳನ್ನೆಲ್ಲ ಉಳಿಸಿಕೊಟ್ಟು, ದೊಡ್ಡ ಜೀವನಚರಿತ್ರೆಯನ್ನೂ ಬರೆದವರು. ಫಿಂಕೆನ್‌ವಾಲ್ಡೆಯ ಬಗ್ಗೆ ಇಂದು ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಅವರ ಲೇಖನಿಯ ಋಣ.

ಮಠ ಎಂದೊಡನೆ ಜೋಲುಮುಖದ ಜಾಗವೆಂದು ತಿಳಿಯಬೇಕಿಲ್ಲ. ಎರಡು ಪಿಯಾನೋಗಳಿದ್ದವು, ಟೇಬಲ್ ಟೆನಿಸ್ ಇತ್ತು, ಹವೆ ಚೆನ್ನಾಗಿದ್ದ ದಿನ ಪಾಠ ಬಿಟ್ಟು ಕಾಡಿಗೋ ಕಡಲಿಗೋ ಹೋಗುವುದಿತ್ತು. 1930-31ರಲ್ಲಿ ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಬೋನ್‌ಹೋಫರ್ ಹಾರ್ಲೆಮ್ಮಿನ ಕಪ್ಪುಜನರ ಚರ್ಚಿಗೆ ತಪ್ಪದೆ ಹೋಗುತ್ತಿದ್ದರು. ಅಲ್ಲಿಂದ ತಂದಿದ್ದ ಗ್ರಾಮಫೋನ್ ತಟ್ಟೆಗಳನ್ನು ಇಲ್ಲಿ ಹಾಕಿ ಕೇಳಿಸುತ್ತಿದ್ದರು. ಗುಲಾಮರ ಮೊಮ್ಮಕ್ಕಳ ಹಾಡನ್ನು, ಆರ್ಯರಕ್ತದ ಹೆಮ್ಮೆ ತುಂಬಿ ತುಳುಕುತ್ತಿದ್ದ ಜರ್ಮನಿಯ ಒಂದು ಮೂಲೆಯಲ್ಲಿ ಹುಡುಗರು ಕೇಳಿ ಕಲಿತರು.

ಕಟ್ಟಳೆಗಳಲ್ಲಿ ಒಂದನ್ನು ಮಾತ್ರ ಹೇಳಲೇಬೇಕು. ಎದುರಿಗಿಲ್ಲದ ಸಹಪಾಠಿಯ ವಿಷಯ ಮಾತಾಡಕೂಡದು. ಮಾತಾಡಿಬಿಟ್ಟರೆ ಆಮೇಲೆ ಅವನ ಬಳಿ ಹೋಗಿ ಹೇಳಿಬಿಡಬೇಕು. ಯಾವುದೇ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ನಿಯಮವನ್ನು ಒಂದು ದಿನದ ಮಟ್ಟಿಗೆ ಜಾರಿ ಮಾಡಿ ನೋಡಿದರೆ ಅದರ ಕಷ್ಟ ತಿಳಿದೀತು. ಆದರೆ ಗೂಢಚಾರರ ಕಾಲದಲ್ಲಿ, ಯಾರ ಮಾತು ಯಾರ ಕಿವಿಗೆ ಬಿದ್ದು ಯಾರು ಜೈಲಿಗೆ ಹೋಗುತ್ತಾರೋ ಎಂಬ ಹೆದರಿಕೆಯಲ್ಲಿ ಬದುಕುತ್ತಿದ್ದವರಿಗೆ, ಬೆನ್ನ ಹಿಂದೆ ಮಾತಿಲ್ಲ ಎಂಬ ಭರವಸೆ ಎಷ್ಟು ದೊಡ್ಡದಾಗಿದ್ದಿರಬೇಕು. ಹಾಗೆಯೇ ಮೊದಮೊದಲ ದಿನಗಳ ಇನ್ನೊಂದು ಪ್ರಸಂಗ. ಅಡುಗೆಮನೆಯಿಂದ ಪಾತ್ರೆ ತೊಳೆಯಲು ಕರೆ ಬಂತು. ಯಾರೂ ಏಳಲಿಲ್ಲ. ಬೋನ್‌ಹೋಫರ್ ಮಾತಾಡದೆ ಎದ್ದು ಹೋದರು. ನಾಚಿಕೊಂಡ ಹುಡುಗರು ಹಿಂದೆ ಓಡಿದರೆ ಒಳಗಿನಿಂದ ಅಗಳಿ ಹಾಕಿತ್ತು. ಆ ಮೇಲೆ ಅವರು ಆ ವಿಚಾರ ಎತ್ತಲೂ ಇಲ್ಲ.

ಇಂಥ ಮನುಷ್ಯ ಬಂದದ್ದು ಭಕ್ತರ ಮನೆಯಿಂದಲ್ಲ ಎಂಬುದು ಗಮನಿಸಬೇಕಾದ ಸಂಗತಿ. ತಂದೆ ಕಾರ್ಲ್ ಬೋನ್‌ಹೋಫರ್ ಬರ್ಲಿನ್ನಿನ ಹೆಸರಾಂತ ಮನೋರೋಗ ತಜ್ಞರು. ಅಣ್ಣ ಕಾರ್ಲ್ ಫ್ರೀಡ್ರಿಶ್ ಭೌತರಸಾಯನ ವಿಜ್ಞಾನಿ. ಜಲಜನಕದ ಅಣುವಿನಲ್ಲಿರುವ ಎರಡು ನ್ಯೂಕ್ಲಿಯಸ್‌ಗಳ ಗಿರಕಿ ಒಂದೇ ದಿಕ್ಕಿಗಿದ್ದರೆ ಆರ್ಥೋ, ವಿರುದ್ಧ ದಿಕ್ಕಿಗಿದ್ದರೆ ಪ್ಯಾರಾ ಎನ್ನುತ್ತಾರೆ. ಕೋಣೆಯ ಉಷ್ಣತೆಯಲ್ಲಿ ಅವು ಮೂರಕ್ಕೆ ಒಂದರಂತೆ ಬೆರೆತಿರುತ್ತವೆ. ತೀರಾ ತಣ್ಣಗಾದಂತೆ ಎಲ್ಲವೂ ಪ್ಯಾರಾ ಆಗುತ್ತ ಹೋಗುತ್ತವೆ. ಈ ಪ್ಯಾರಾ ಜಲಜನಕವನ್ನು 1929ರಲ್ಲಿ ಪಾಲ್ ಹಾರ್ಟೆಕ್ ಜೊತೆ ಸೇರಿ ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದವರು ಇವರೇ. ಕ್ರಯೋಜೆನಿಕ್ ರಾಕೆಟ್ಟುಗಳಿಗೆ ದ್ರವ ಜಲಜನಕ ತುಂಬಿಡುವವರು ಇಂದಿಗೂ ಈ ಸಂಗತಿಯನ್ನು ಮರೆಯುವಂತಿಲ್ಲ. ಮಾರ್ಪಾಡಾಗುವಾಗ ಹೊರಬರುವ ಶಾಖಕ್ಕೆ ದ್ರವವೇ ಕುದಿದು ಆವಿಯಾಗಿಬಿಡುತ್ತದೆ. ಇರಲಿ. ಇಂಥ ಮನೆಯಲ್ಲಿ ಹದಿಹರೆಯದ ಹುಡುಗ ದೇವಶಾಸ್ತ್ರ ಓದುತ್ತೇನೆಂದಾಗ ಅಣ್ಣಂದಿರು ನಕ್ಕರೆಂಬುದರಲ್ಲಿ ಆಶ್ಚರ್ಯವೇನಿಲ್ಲ.

1935ರ ಡಿಸೆಂಬರ್ 2ರಂದು ಸರ್ಕಾರದ ಆಜ್ಞೆ ಹೊರಟಿತು. ಕನ್ಫೆಸಿಂಗ್ ಚರ್ಚಿನ ಪರೀಕ್ಷೆ, ದೀಕ್ಷೆ, ಸೆಮಿನರಿ ಎಲ್ಲವೂ ಕಾನೂನುಬಾಹಿರ. ಅಂದರೆ ಇಲ್ಲಿ ಓದಿದವನಿಗೆ ಸಭೆಯಿಲ್ಲ, ಸಂಬಳವಿಲ್ಲ, ಮನೆಯಿಲ್ಲ. ಮದುವೆ ನಿಶ್ಚಯವಾಗಿದ್ದ ಹುಡುಗರಿದ್ದರು, ಮಗ ಪಾದ್ರಿಯಾಗಿ ನೆಲೆ ನಿಲ್ಲುತ್ತಾನೆಂದು ಕಾದಿದ್ದ ತಾಯಂದಿರಿದ್ದರು. ಬೋನ್‌ಹೋಫರ್ ಎಲ್ಲರನ್ನೂ ಸೇರಿಸಿ, ಹೋಗುವವರು ಹೋಗಬಹುದು ಎಂದರು. ಆ ತಂಡ ಉಳಿಯಿತು. ಮುಂದಿನ ವರ್ಷಗಳಲ್ಲಿ ಮಾತ್ರ ಒಬ್ಬೊಬ್ಬರಾಗಿ ಕೆಲವರು ಸರ್ಕಾರಿ ಚರ್ಚಿನ ಕಡೆ ಸರಿದರು, ಸಹಿ ಹಾಕಿ ಕೆಲಸ ಪಡೆದರು. ಹೊಟ್ಟೆಪಾಡಿಗೆ ಸಹಿ ಹಾಕಿದವರನ್ನು ದೂರದಲ್ಲಿ ಕುಳಿತು ಹಳಿಯುವುದು ಸುಲಭ. ಬೋನ್‌ಹೋಫರ್ ನೊಂದುಕೊಂಡರು, ಬುದ್ಧಿ ಹೇಳಿ ಪತ್ರ ಬರೆದರು.

ಬಾಗಿಲಿಗೆ ಮುದ್ರೆ ಬಿದ್ದದ್ದು 1937ರ ಸೆಪ್ಟೆಂಬರ್ 28ರಂದು. ಆಗ ರಜೆಯ ದಿನಗಳು. ಬೋನ್‌ಹೋಫರ್ ಮತ್ತು ಬೆತ್ಗೆ ದಕ್ಷಿಣದಲ್ಲಿ ಪ್ರವಾಸದಲ್ಲಿದ್ದರು. ಗೆಸ್ಟಾಪೊ ಪೊಲೀಸರು ಬಂದು ಮನೆಗೆ ಬೀಗ ಜಡಿದರು. ಕ್ರಿಸ್ಮಸ್ ಹೊತ್ತಿಗೆ ಫಿಂಕೆನ್‌ವಾಲ್ಡೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇಪ್ಪತ್ತೇಳು ಮಂದಿ ಸೆರೆಮನೆಗೆ ಹೋಗಿದ್ದರು. ಚಿನ್ನದ ಅಕ್ಷರಗಳ ಆ ವ್ಯಾಯಾಮಶಾಲೆಯಲ್ಲಿ ಈ ಗುಂಪು ಮತ್ತೆ ಸೇರಲಿಲ್ಲ.

ಕೆಲಸ ಮಾತ್ರ ನಿಲ್ಲಲಿಲ್ಲ. ಪೊಮೆರೇನಿಯದ ಒಳಹಳ್ಳಿಗಳ ಪಾದ್ರಿಗಳ ಮನೆಗಳಲ್ಲಿ ಹುಡುಗರನ್ನು ಸಹಾಯಕರೆಂದು ನೋಂದಾಯಿಸಿ, ಪಾಠವನ್ನು ಗುಟ್ಟಾಗಿ 1940ರ ಮಾರ್ಚ್‌ವರೆಗೆ ನಡೆಸಿದರು. 1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಊರೂರಲ್ಲಿ ಯೆಹೂದ್ಯರ ಸಿನಗಾಗುಗಳು ಹೊತ್ತಿ ಉರಿದಾಗ ಬೋನ್‌ಹೋಫರ್ ಅಂಥ ಒಂದು ಹಳ್ಳಿಯಲ್ಲಿದ್ದರು. ಅವರ ಧ್ಯಾನದ ಬೈಬಲ್ ಉಳಿದುಬಂದಿದೆ. ಅದರಲ್ಲಿ 74ನೆಯ ಕೀರ್ತನೆಯ ಪಕ್ಕದಲ್ಲಿ, ನಾಡಿನ ದೇವಮಂದಿರಗಳನ್ನು ಸುಟ್ಟ ದುಃಖ ಹೇಳುವ ಮಾತಿನ ಬಳಿ, ಪೆನ್ಸಿಲಿನಲ್ಲಿ ಗೀಟು ಎಳೆದು ತಾರೀಕು ಬರೆದಿದ್ದಾರೆ: 9.11.38. ತಮ್ಮ ಮಂದಿರ ಮುಚ್ಚಿದ ದಿನಕ್ಕೆ ಅವರು ಹಾಗೆ ತಾರೀಕು ಹಾಕಿದ್ದರೋ ಇಲ್ಲವೋ, ನೆರೆಯವರ ಮಂದಿರ ಸುಟ್ಟ ದಿನಕ್ಕೆ ಹಾಕಿದರು. ಜರ್ಮನಿಯ ಚರ್ಚುಗಳ ಪ್ರವಚನವೇದಿಕೆಗಳಲ್ಲಿ ಬಹುಪಾಲು ಆ ವಾರ ಸುಮ್ಮನಿದ್ದವು. ಕನ್ಫೆಸಿಂಗ್ ಚರ್ಚೂ ಅದಕ್ಕೆ ಹೊರತಾಗಿರಲಿಲ್ಲ.

ಅವರು ಚದುರಿಹೋದ ಶಿಷ್ಯರಿಗೆ ಸುತ್ತೋಲೆ ಬರೆಯುತ್ತಿದ್ದರು. ಈ ವಾರದ ಧ್ಯಾನಕ್ಕೆ ಯಾವ ಭಾಗ, ಯಾರಿಗೆ ಮದುವೆ, ಯಾರು ಜೈಲಿನಲ್ಲಿ, ಯಾರಿಗೆ ಪ್ರಾರ್ಥಿಸಬೇಕು. 1939ರಲ್ಲಿ ಯುದ್ಧ ಶುರುವಾದ ಮೇಲೆ ಆ ಪತ್ರಗಳಲ್ಲಿ ಹೊಸ ಪಟ್ಟಿಯೊಂದು ಬರಲಾರಂಭಿಸಿತು: ರಣರಂಗದಲ್ಲಿ ಬಿದ್ದವರ ಹೆಸರುಗಳು. ಶಾಂತಿಯ ಪಾಠ ಕೇಳಿದ್ದ ಹುಡುಗರೇ ಸಮವಸ್ತ್ರ ತೊಟ್ಟು ರಷ್ಯದ ಹಿಮದಲ್ಲಿ ಸತ್ತರು. ಯಾರ ಬಲಿಯೂ ಬೇಕಿಲ್ಲ ಎಂಬ ಪದವನ್ನು ತಿಂಗಳುಗಟ್ಟಲೆ ಎದುರಿಗಿಟ್ಟುಕೊಂಡು ಕೂತಿದ್ದವರು ಅವರು.

ಬೋನ್‌ಹೋಫರ್ ತಾವೂ ತಪ್ಪಿಸಿಕೊಳ್ಳಬಹುದಿತ್ತು. 1939ರ ಜೂನ್‌ನಲ್ಲಿ ಮಿತ್ರರು ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದರು. ಒಂದು ತಿಂಗಳೂ ನಿಲ್ಲದೆ ವಾಪಸಾದರು. ಹಿಟ್ಲರನನ್ನು ಕಿತ್ತೊಗೆಯುವ ಒಳಸಂಚಿನಲ್ಲಿ ಬಾವ ಹಾನ್ಸ್ ಫಾನ್ ಡೊನಾನ್ಯಿ ಜೊತೆ ಸೇರಿದರು. ಗಾಂಧಿಯ ಬಳಿ ಅಹಿಂಸೆ ಕಲಿಯಬಯಸಿದ್ದವರು ಕೊಲೆಯ ಸಂಚಿಗೆ ಹೇಗೆ ಒಪ್ಪಿದರು ಎಂಬ ಪ್ರಶ್ನೆಯನ್ನು ವಿದ್ವಾಂಸರು ಇನ್ನೂ ಜಗ್ಗಾಡುತ್ತಿದ್ದಾರೆ. ಅವರು ಅದನ್ನು ಪಾಪವಲ್ಲವೆಂದು ಎಂದೂ ವಾದಿಸಲಿಲ್ಲ, ಅಪರಾಧದ ಹೊರೆಯನ್ನು ತಾನು ಹೊರಬೇಕೆಂದೇ ತಿಳಿದಿದ್ದರು. 1943ರ ಏಪ್ರಿಲ್ 5ರಂದು ಬಂಧನವಾಯಿತು. ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ ಕುಳಿತು ಅವರು ಓದಿದ ಪುಸ್ತಕಗಳಲ್ಲಿ ಭೌತವಿಜ್ಞಾನಿ ಕಾರ್ಲ್ ಫ್ರೀಡ್ರಿಶ್ ಫಾನ್ ವೈಟ್ಸೆಕರ್ ಅವರ ಗ್ರಂಥವೂ ಒಂದು. ಅದನ್ನೋದಿ 1944ರ ಮೇ ಕೊನೆಯಲ್ಲಿ ಬೆತ್ಗೆಗೆ ಬರೆದ ಪತ್ರ ವಿಜ್ಞಾನದ ವಿದ್ಯಾರ್ಥಿಗಳು ಓದಬೇಕಾದದ್ದು. ನಮ್ಮ ಜ್ಞಾನದಲ್ಲಿ ತೂತು ಇರುವ ಕಡೆಯೆಲ್ಲ ದೇವರನ್ನು ತೇಪೆಯಾಗಿ ಹಚ್ಚಬಾರದು, ಜ್ಞಾನ ಬೆಳೆದಂತೆ ತೇಪೆ ಹಿಂದೆ ಸರಿಯಲೇಬೇಕಾಗುತ್ತದೆ, ದೇವರನ್ನು ಕಾಣಬೇಕಾದದ್ದು ತಿಳಿದಿರುವುದರಲ್ಲಿ, ಬದುಕಿನ ನಡುವಿನಲ್ಲಿ ಎಂಬುದು ಅದರ ತಾತ್ಪರ್ಯ. ಪ್ರಾರ್ಥನೆಯನ್ನು ಊಟದ ಮೇಜಿಗೆ ತಂದಿದ್ದ ಮನುಷ್ಯ ಹೀಗೆ ಬರೆದದ್ದು ಸಹಜವೇ.

1945ರ ಏಪ್ರಿಲ್ 8, ಭಾನುವಾರ. ಬವೇರಿಯದ ಷೋನ್‌ಬರ್ಗ್ ಎಂಬ ಹಳ್ಳಿಯ ಶಾಲಾಕಟ್ಟಡ. ಶಿಬಿರದಿಂದ ಶಿಬಿರಕ್ಕೆ ಸಾಗಿಸುತ್ತಿದ್ದ ಕೈದಿಗಳನ್ನು ಅಲ್ಲಿ ಕೂಡಿಹಾಕಿದ್ದರು. ಜರ್ಮನರು, ಇಂಗ್ಲಿಷರು, ರಷ್ಯನ್ನರು, ಹೆಚ್ಚಿನವರು ಕ್ಯಾಥೊಲಿಕರು. ಭಾನುವಾರವಲ್ಲವೆ, ಪ್ರಾರ್ಥನೆ ನಡೆಸಿಕೊಡಿ ಎಂದು ಕೆಲವರು ಬೋನ್‌ಹೋಫರ್ ಅವರನ್ನು ಕೇಳಿದರು. ಅವರು ಹಿಂದೆಗೆದರು. ಕ್ಯಾಥೊಲಿಕರ ಮೇಲೆ ತನ್ನ ಪದ್ಧತಿಯನ್ನು ಹೇರಬಾರದು, ಅಲ್ಲದೆ ಕೊಕೊರಿನ್ ಎಂಬ ರಷ್ಯದ ತರುಣ ಅಧಿಕಾರಿ ನಾಸ್ತಿಕ, ಅವನಿಗೆ ಮುಜುಗರವಾಗಬಾರದು ಎಂಬುದು ಅವರ ಅಳುಕು. ಆಗಲಿ ಎಂದು ಕೊಕೊರಿನ್ ತಾನೇ ಹೇಳಿದ ಮೇಲೆ ಒಪ್ಪಿದರು. ಆ ದಿನದ ಪಾಠಗಳನ್ನು ಓದಿ, ನಾಲ್ಕು ಮಾತು ವಿವರಿಸಿದರು. ಕೊನೆಯ ಪ್ರಾರ್ಥನೆ ಮುಗಿಯುತ್ತಿದ್ದಂತೆ ಬಾಗಿಲು ತೆರೆದು ಇಬ್ಬರು ಒಳಗೆ ಬಂದರು. ಕೈದಿ ಬೋನ್‌ಹೋಫರ್, ಹೊರಡಲು ಸಿದ್ಧನಾಗು ಎಂದರು.

ಮಾರನೆಯ ಬೆಳಗ್ಗೆ ಫ್ಲೋಸನ್‌ಬರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ವಯಸ್ಸು ಮೂವತ್ತೊಂಬತ್ತು. ಜೊತೆಯಲ್ಲಿ ಒಯ್ಯುತ್ತಿದ್ದ ಪ್ಲುಟಾರ್ಕನ ಒಂದು ಸಂಪುಟದಲ್ಲಿ ಅವರು ಪೆನ್ಸಿಲಿನಿಂದ ದೊಡ್ಡದಾಗಿ ತಮ್ಮ ಹೆಸರು ಬರೆದು ಶಾಲೆಯ ಆ ಕೋಣೆಯಲ್ಲಿ ಬಿಟ್ಟುಹೋಗಿದ್ದರು. ಪುಸ್ತಕ ಯುದ್ಧ ಮುಗಿದ ಮೇಲೆ ಮನೆಯವರ ಕೈ ಸೇರಿತು.